ಅಪ್ಪ ದುಡಿದದ್ದನ್ನು ಬರೆಯುವಾಗ

ಈ ಸಂಚಿಕೆಯ ಪ್ರಶ್ನೋತ್ತರಕ್ಕೆ ಆರಿಸಿಕೊಂಡ ಪತ್ರಗಳೆಲ್ಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದವು. ಹಳ್ಳಿಯಲ್ಲಿ ದುಡಿದು, ಸಂಸಾರ ಸಾಕಿ, ಸದ್ದಿಲ್ಲದೆ ತೀರಿಕೊಂಡ ತಂದೆಯ ನೆನಪನ್ನು ಬರಹದಲ್ಲಿ ಉಳಿಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು, ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಹಾಸನ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರೈತರಾಗಿದ್ದ ನಮ್ಮ ತಂದೆಯವರು ಕಳೆದ ವರ್ಷ ತೀರಿಕೊಂಡರು. ವರ್ಷದ ತಿಥಿಯ ಹೊತ್ತಿಗೆ ಒಂದು ನೆನಪಿನ ಪುಸ್ತಿಕೆಯನ್ನು ಅಚ್ಚು ಹಾಕಿಸಿ ನೆಂಟರಿಷ್ಟರಿಗೆ ಹಂಚಬೇಕೆಂದಿದ್ದೇವೆ. ಬರೆಯಲು ಕುಳಿತರೆ ಅವರು ಶ್ರಮಜೀವಿ, ಮಿತಭಾಷಿ, ಮಕ್ಕಳನ್ನು ಓದಿಸಿದವರು ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಪ್ರಶಸ್ತಿ ಪಡೆದವರಲ್ಲ, ಚುನಾವಣೆಗೆ ನಿಂತವರಲ್ಲ. ರಾಗಿ, ಆಲೂಗೆಡ್ಡೆ, ಕೆರೆಯ ಕೆಳಗೆ ಸ್ವಲ್ಪ ಗದ್ದೆ, ಒಂದು ಜೊತೆ ಎತ್ತು, ಇಷ್ಟರಲ್ಲೇ ಬದುಕು ಕಳೆದರು. ಏನು ಬರೆಯಬೇಕು? (ಹಾಸನ)

ಉತ್ತರ: ನೀವು ‘ಇಷ್ಟರಲ್ಲೇ’ ಎಂದು ದಾಟಿಹೋದ ಸಾಲಿನಲ್ಲೇ ಪುಸ್ತಿಕೆಯ ಮುಕ್ಕಾಲು ಪಾಲು ಇದೆ. ಸಾಮಾನ್ಯವಾಗಿ ಇಂಥ ಪುಸ್ತಿಕೆಗಳಲ್ಲಿ ಗುಣಗಳ ಪಟ್ಟಿ ಇರುತ್ತದೆ, ಕೆಲಸದ ವಿವರ ಇರುವುದಿಲ್ಲ. ಆ ಪಟ್ಟಿಯನ್ನು ಹೆಸರು ಬದಲಾಯಿಸಿ ಪಕ್ಕದ ಮನೆಯವರ ಪುಸ್ತಿಕೆಗೂ ಹಾಕಬಹುದು. ನಿಮ್ಮ ತಂದೆ ಯಾವ ಹೊಲಕ್ಕೆ ಯಾವ ಮಳೆಯಲ್ಲಿ ಏನು ಬಿತ್ತುತ್ತಿದ್ದರು ಎಂಬುದನ್ನು ಮಾತ್ರ ಬೇರೆ ಯಾರಿಗೂ ಅಂಟಿಸಲು ಬರುವುದಿಲ್ಲ. ಆದ್ದರಿಂದ ಮೊದಲು ಅವರ ಒಂದು ವರ್ಷದ ಬೇಸಾಯವನ್ನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬರೆದುಕೊಳ್ಳಿ. ಭರಣಿ, ಕೃತ್ತಿಕೆಯಲ್ಲಿ ಹದ ಸಿಕ್ಕಾಗ ಹೊಲ ಹೇಗೆ ಉಳುತ್ತಿದ್ದರು, ತಿಪ್ಪೆಗೊಬ್ಬರವನ್ನು ಯಾವ ಹೊಲಕ್ಕೆ ಮೊದಲು ಹೊಡೆಯುತ್ತಿದ್ದರು, ರಾಗಿಯನ್ನು ಕೂರಿಗೆಯಲ್ಲಿ ಬಿತ್ತುತ್ತಿದ್ದರೋ ಕೈಯಲ್ಲಿ ಚೆಲ್ಲುತ್ತಿದ್ದರೋ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇವುಗಳಲ್ಲಿ ಯಾವುದನ್ನು ಬಿಡುತ್ತಿದ್ದರು, ಕುಂಟೆ ಹೊಡೆಯುವಾಗ ಪೈರು ಎಷ್ಟು ಎತ್ತರವಿರಬೇಕೆಂದು ಹೇಳುತ್ತಿದ್ದರು, ಕೊಯ್ದ ರಾಗಿಯನ್ನು ಮೆದೆ ಒಟ್ಟಿ ಎಷ್ಟು ದಿನ ಬಿಡುತ್ತಿದ್ದರು, ಕಣದಲ್ಲಿ ರೋಣಗಲ್ಲು ಹೂಡುತ್ತಿದ್ದರೋ ಅಥವಾ ಕೊನೆಯ ವರ್ಷಗಳಲ್ಲಿ ಎಲ್ಲರಂತೆ ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಕೈಲಿ ಒಕ್ಕಣೆ ಮಾಡಿಸಿದರೋ, ಇವೆಲ್ಲ ಬರಲಿ. ಒಂದೊಂದಕ್ಕೂ ಉತ್ತರ ಹುಡುಕುವಾಗ ನಿಮಗೆ ಗೊತ್ತಿಲ್ಲದ್ದೆಷ್ಟು ಎಂಬುದು ತಿಳಿಯುತ್ತದೆ. ಆಗ ಅವರ ಜೊತೆ ಮುಯ್ಯಾಳಾಗಿ, ಎಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಕೊಟ್ಟು, ದುಡಿದವರನ್ನು ಕೇಳಲು ಊರಿಗೆ ಹೋಗಬೇಕಾಗುತ್ತದೆ. ಹೋಗಿ.

ಆಲೂಗೆಡ್ಡೆಯ ವಿಷಯ ಪ್ರತ್ಯೇಕವಾಗಿ ಬರೆಯಬೇಕಾದದ್ದು. ಮೊಸರನ್ನದಷ್ಟು ಸಾಧಾರಣವಾಗಿ ಕಾಣುವ ಈ ಬೆಳೆ ನಿಜಕ್ಕೂ ಜೂಜು. ಹಾಸನದ ಆಲೂಗೆಡ್ಡೆ ಮುಂಗಾರಿನದು. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಂದು ಹಾಸನದ ಎಪಿಎಂಸಿ ಆವರಣದಲ್ಲಿ ಮಾರಾಟವಾಗುತ್ತದೆ. ಶೀತಲಗೃಹದಿಂದ ಬಂದ ಗೆಡ್ಡೆಯನ್ನು ಹಾಗೆಯೇ ಮಣ್ಣಿಗೆ ಹಾಕುವಂತಿಲ್ಲ. ನೆರಳಿನಲ್ಲಿ ತೆಳುವಾಗಿ ಹರಡಿ, ಕೊಳೆತದ್ದನ್ನು ಆರಿಸಿ ತೆಗೆದು, ಮೊಳಕೆ ಬರುವವರೆಗೆ ಕಾದು, ದೊಡ್ಡ ಗೆಡ್ಡೆಯಾದರೆ ಪ್ರತಿ ಹೋಳಿಗೂ ಕಣ್ಣು ಉಳಿಯುವಂತೆ ಕತ್ತರಿಸಬೇಕು. ಬಿತ್ತನೆಗೇ ಕೈಯಲ್ಲಿದ್ದ ಹಣವೆಲ್ಲ ಹೋಗುತ್ತದೆ. ಆಮೇಲೆ ಮೂರು ತಿಂಗಳು ಆಕಾಶ ನೋಡುವುದು. ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದರೆ ಅಂಗಮಾರಿ ಬಿದ್ದು, ಹಸಿರಾಗಿದ್ದ ಹೊಲ ವಾರದೊಳಗೆ ಕಪ್ಪಾಗುತ್ತದೆ. 1845ರ ನಂತರ ಐರ್ಲೆಂಡಿನಲ್ಲಿ ಮಹಾಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಬೆಳೆ ಉಳಿದರೂ ಎಲ್ಲರ ಗೆಡ್ಡೆ ಒಟ್ಟಿಗೆ ಮಾರುಕಟ್ಟೆಗೆ ಬಂದ ವಾರ ಬೆಲೆ ಬೀಳುತ್ತದೆ. ಇಷ್ಟನ್ನೂ ತಿಳಿದವರು ಮರುವರ್ಷ ಮತ್ತೆ ಬಿತ್ತನೆ ತರಲು ಹೋದರೆಂದರೆ ಏನು ಲೆಕ್ಕ ಹಾಕಿ ಹೋದರು? ಒಂದು ವರ್ಷ ಬೇಡವೆಂದು ಬಿಟ್ಟಿದ್ದರೆ ಯಾಕೆ ಬಿಟ್ಟರು? ಅಕ್ಕಪಕ್ಕದವರು ಶುಂಠಿಗೂ ಮುಸುಕಿನ ಜೋಳಕ್ಕೂ ತಿರುಗಿದಾಗ ಅವರು ಏನು ಮಾಡಿದರು? ಬೆವರು ಸುರಿಸಿದರು ಎಂದು ಬರೆಯುವುದು ಸುಲಭ. ಅವರು ಮಾಡಿದ ಯೋಚನೆಯನ್ನೂ ಬರೆಯಿರಿ. ಹಳ್ಳಿಯ ದುಡಿಮೆಗಾರರನ್ನು ಹೊಗಳುವವರೂ ಅವರ ಮೈಯನ್ನು ಹೊಗಳುತ್ತಾರೆಯೇ ಹೊರತು ತಲೆಯನ್ನು ಹೊಗಳುವುದು ಕಡಿಮೆ, ಇದು ನಮಗೆ ಬಹಳ ದಿನಗಳಿಂದ ಇರುವ ಆಕ್ಷೇಪ.

ಎತ್ತುಗಳನ್ನೂ ಬಿಡಬೇಡಿ. ಹೆಸರು, ಬಣ್ಣ, ಎಡಗೋಲಿಗೆ ಯಾವುದು, ಬಲಗೋಲಿಗೆ ಯಾವುದು, ಎಲ್ಲಿಂದ ತಂದವು ಎಂಬುದನ್ನು ಮನೆಯ ಹಿರಿಯರು ಈಗಲೂ ಹೇಳಬಲ್ಲರು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋಗಿದ್ದರೆ ಆ ಪ್ರಸಂಗವನ್ನು ಪೂರ್ತಿ ಬರೆಯಿರಿ. ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಬಾಯಿಗೂಡಿದ್ದೋ ಎಂದು ನೋಡುವುದು, ಸುಳಿ ಪರೀಕ್ಷಿಸುವುದು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುವುದು, ಕೊನೆಗೆ ದಲ್ಲಾಳಿಯ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಯಾರಿಗೂ ಕಾಣದಂತೆ ಬೆಲೆ ಕಟ್ಟುವುದು, ಇದನ್ನೆಲ್ಲ ಕಣ್ಣಾರೆ ಕಂಡ ಮಕ್ಕಳ ತಲೆಮಾರು ನಿಮ್ಮದೇ ಕೊನೆಯದಿರಬಹುದು.

ಇನ್ನು ಮನೆಯ ಟ್ರಂಕು. ಕಂದಾಯದ ರಶೀದಿ, ಸೊಸೈಟಿ ಸಾಲದ ಪಾಸ್‌ಬುಕ್ಕು, ಬಿತ್ತನೆ ಗೆಡ್ಡೆಯ ಬಿಲ್ಲು, ಡೈರಿಯ ಹಾಲಿನ ಚೀಟಿ, ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಕೂಲಿ ಲೆಕ್ಕ, ಯಾವುದನ್ನೂ ಕಸವೆಂದು ಎಸೆಯಬೇಡಿ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಹಳೆಯ ಕೈಬರಹದ ಪಹಣಿಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿ ಗಣಕಯಂತ್ರಕ್ಕೆ ಏರುವ ಮೊದಲು ಗ್ರಾಮಲೆಕ್ಕಿಗರು ಕೈಯಲ್ಲೇ ಬರೆಯುತ್ತಿದ್ದ ಆ ಹಾಳೆಗಳಲ್ಲಿ ಜಮೀನಿನ ವಿಸ್ತೀರ್ಣದ ಜೊತೆಗೆ ಸಾಗುವಳಿದಾರರ ಹೆಸರೂ ಆಯಾ ವರ್ಷದ ಬೆಳೆಯೂ ನಮೂದಾಗಿರುತ್ತವೆ. ಹೊಲ ಅಜ್ಜನ ಹೆಸರಿನಿಂದ ತಂದೆಯ ಹೆಸರಿಗೆ ಯಾವಾಗ ಬಂತು, ಪಾಲಾದದ್ದು ಯಾವ ವರ್ಷ, ಅಪ್ಪ ಒಬ್ಬರೇ ಸಂಸಾರದ ನೊಗಕ್ಕೆ ಹೆಗಲು ಕೊಟ್ಟದ್ದು ಯಾವಾಗ ಎಂಬ ಪ್ರಶ್ನೆಗಳಿಗೆ ಮ್ಯುಟೇಶನ್ ದಾಖಲೆ ಉತ್ತರ ಕೊಡುತ್ತದೆ. ಆದರೆ ಪಹಣಿಯ ಬೆಳೆ ಕಾಲಂ ಎಲ್ಲ ವರ್ಷವೂ ಹೊಲಕ್ಕೆ ಹೋಗಿ ನೋಡಿ ಬರೆದದ್ದೆಂದು ನಂಬಬೇಡಿ, ಊರವರ ಮಾತಿನೊಡನೆ ತಾಳೆ ನೋಡಿ.

ಹುಟ್ಟಿದ ದಿನಾಂಕದ ಬಗ್ಗೆಯೂ ಎಚ್ಚರವಿರಲಿ. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಬಿಡುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಸಂವತ್ಸರದ ಹೆಸರು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಅದು ಹೆಚ್ಚು ನಂಬಲರ್ಹ; ಸ್ವಭಾನು ಎಂದರೆ 1943–44, ಪಾರ್ಥಿವ ಎಂದರೆ 1945–46. ಉಳಿದ ಘಟನೆಗಳನ್ನು ಊರಿಗೆಲ್ಲ ಗೊತ್ತಿರುವ ವರ್ಷಗಳಿಗೆ ಗಂಟು ಹಾಕಿ ಕೇಳಿ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು, ಹಾಸನ–ಮಂಗಳೂರು ರೈಲು ಓಡಿದ್ದೂ ಅದೇ ವರ್ಷ. ಬಾವಿ ತೋಡಿಸಿದ್ದು ಅದಕ್ಕಿಂತ ಮೊದಲೋ ಆಮೇಲೋ ಎಂದು ಕೇಳಿದರೆ ಎಪ್ಪತ್ತು ದಾಟಿದವರು ತಟ್ಟನೆ ಹೇಳುತ್ತಾರೆ, ಇಸವಿ ಕೇಳಿದರೆ ತಡವರಿಸುತ್ತಾರೆ.

ಪ್ರಶ್ನೆ: ನಮ್ಮ ಅಜ್ಜ ಗೇಣಿ ಮಾಡುತ್ತಿದ್ದರು. ಅರ್ಜಿ ಹಾಕಿ, ಓಡಾಡಿ, ಆ ಜಮೀನನ್ನು ನಮ್ಮದಾಗಿಸಿದವರು ಅಪ್ಪ ಎಂದಷ್ಟೇ ಕೇಳಿದ್ದೇನೆ. ಅವರ ಬದುಕಿನ ದೊಡ್ಡ ಕೆಲಸ ಅದೇ. ವಿವರ ಎಲ್ಲಿ ಸಿಗುತ್ತದೆ? ಧಣಿಗಳ ಮನೆಯವರೂ ಅದೇ ಊರಿನಲ್ಲಿದ್ದಾರೆ, ಬರೆದರೆ ತಪ್ಪಾದೀತೇ? (ಬೇಲೂರು ತಾಲ್ಲೂಕು)

ಉತ್ತರ: ತಪ್ಪಾಗುವುದಿಲ್ಲ, ಬರೆಯಲೇಬೇಕು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವರು ನಮೂನೆ 7ರಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಸಲ್ಲಿಸಬೇಕಾಗಿತ್ತು. ಅದಕ್ಕೆ ಕೊಟ್ಟಿದ್ದ ಗಡುವು ಹಲವು ಸಲ ವಿಸ್ತರಣೆಯಾಗಿ 1979ರ ಜೂನ್ 30ಕ್ಕೆ ಮುಗಿಯಿತು. ಮಂಡಳಿಯ ತೀರ್ಪು ಗೇಣಿದಾರರ ಪರವಾಗಿ ಬಂದರೆ ನಮೂನೆ 10ರಲ್ಲಿ ಅಧಿಭೋಗದ ಹಕ್ಕುಪತ್ರ ಸಿಗುತ್ತಿತ್ತು. ನಿಮ್ಮ ಮನೆಯಲ್ಲಿ ಆ ಹಕ್ಕುಪತ್ರ ಇದ್ದರೆ ಅದರಲ್ಲಿರುವ ಪ್ರಕರಣ ಸಂಖ್ಯೆಯನ್ನು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕಡತದ ನಕಲು ಕೇಳಿ. ಕಡತ ಸಿಕ್ಕಿದರೆ ಅರ್ಜಿಯ ಮೇಲೆ ತಂದೆಯ ಸಹಿಯೋ ಹೆಬ್ಬೆಟ್ಟೋ ಇರುತ್ತದೆ, ವಿಚಾರಣೆಯಲ್ಲಿ ಅವರು ಕೊಟ್ಟ ಹೇಳಿಕೆ ಇರುತ್ತದೆ. ಎಲ್ಲಿಯೂ ಭಾಷಣ ಮಾಡದ ಮನುಷ್ಯ ಅಧಿಕಾರಿಯ ಎದುರು ನಿಂತು ‘ಈ ಹೊಲ ನಾವು ಉಳುತ್ತಾ ಬಂದಿದ್ದೇವೆ’ ಎಂದು ಹೇಳಿದ ಮಾತು ಅಲ್ಲಿ ದಾಖಲಾಗಿದ್ದರೆ, ಅದನ್ನು ಇದ್ದಂತೆಯೇ ಪುಸ್ತಿಕೆಗೆ ಎತ್ತಿಕೊಳ್ಳಿ, ನಿಮ್ಮ ವ್ಯಾಖ್ಯಾನ ಬೇಕಿಲ್ಲ.

ಕಡತದಲ್ಲಿ ಸಿಗದ ಸಂಗತಿಗಳೂ ಇವೆ. ಅರ್ಜಿ ಬರೆದುಕೊಟ್ಟವರು ಯಾರು, ಅಂದಿನವರೆಗೆ ಧಣಿಗಳ ಜಗಲಿಯಲ್ಲಿ ಕೂರದವರು ಅವರ ವಿರುದ್ಧ ಸಾಕ್ಷಿ ಹೇಳಲು ಹೇಗೆ ಧೈರ್ಯ ಮಾಡಿದರು, ವಿಚಾರಣೆಯ ದಿನ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನ ದುಡ್ಡು ಎಲ್ಲಿಂದ ಬಂತು, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಅರ್ಜಿಯನ್ನೇ ಹಾಕದೆ ಉಳಿದವರು ಊರಿನಲ್ಲಿ ಯಾರಿದ್ದರು. ಧಣಿಗಳ ಮನೆಯವರಲ್ಲಿಯೂ ಹಿರಿಯರೊಬ್ಬರನ್ನು ಭೇಟಿಯಾಗಿ ಅವರು ಕಂಡದ್ದನ್ನು ಕೇಳಿ. ಜಮೀನು ಕಳೆದುಕೊಂಡವರಲ್ಲಿ ಎಲ್ಲರೂ ದೊಡ್ಡ ಜಮೀನ್ದಾರರೇನೂ ಆಗಿರಲಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟಿದ್ದ ವಿಧವೆಯರೂ ಅವರಲ್ಲಿದ್ದರು. ಹೆಸರು ಹಾಕದೆ, ಬೈಯದೆ, ನಡೆದದ್ದನ್ನು ನಡೆದ ಹಾಗೆ ಬರೆದರೆ ಯಾರೂ ಮುಖ ತಿರುಗಿಸುವುದಿಲ್ಲ.

ಬೇಲೂರಿನವರಾದ್ದರಿಂದ ಒಂದು ಮಾತು. ನಿಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುವ ಆ ಕಲ್ಲು, ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಿಟ್ಟುಕೊಟ್ಟದ್ದನ್ನು ದಾಖಲಿಸುತ್ತದೆ. ತುರುಗಾಳಗದಲ್ಲಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳಂತೂ ನಿಮ್ಮ ಸೀಮೆಯ ಎಷ್ಟೋ ಊರುಗಳ ಮುಂದಿವೆ. ಭೂಮಿಯನ್ನು ಪಡೆದ, ದನಗಳಿಗಾಗಿ ಹೋರಾಡಿದ ಕಥೆಗಳು ಬರೆಯಲು ಯೋಗ್ಯವೆಂದು ನಮ್ಮ ಹಿಂದಿನವರೇ ತೀರ್ಮಾನಿಸಿದ್ದಾರೆ. ನಮೂನೆ 7ರ ಹಿಂದೆ ಓಡಾಡಿದವರ ಕಥೆಯೂ ಅದೇ ಸಾಲಿಗೆ ಸೇರಿದ್ದೆಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಅಪ್ಪ ಸಣ್ಣ ಕಾಫಿ ಬೆಳೆಗಾರರು. ಕೊನೆಯ ವರ್ಷಗಳಲ್ಲಿ ಸಾಲವಾಗಿ ತೋಟದ ಒಂದು ಭಾಗವನ್ನು ಮಾರಿದರು. ಅದನ್ನು ಬರೆಯಬಾರದು, ಮನೆಯ ಮರ್ಯಾದೆ ಹೋಗುತ್ತದೆ ಎಂದು ಅಣ್ಣ ಹೇಳುತ್ತಾರೆ. ಬರೆಯದಿದ್ದರೆ ಸುಳ್ಳಾಗುತ್ತದೆ ಎಂದು ನನಗೆ ಅನಿಸುತ್ತದೆ. (ಮೂಡಿಗೆರೆ)

ಉತ್ತರ: ಸಾಲದ ಕಾರಣವನ್ನು ಬರೆಯದೆ ಸಾಲವನ್ನಷ್ಟೇ ಬರೆದರೆ ನಿಮ್ಮ ಅಣ್ಣನವರ ಮಾತೇ ಸರಿ. ಕಾರಣದೊಡನೆ ಬರೆದರೆ ನಿಮ್ಮದು ಸರಿ. ನಿಮ್ಮ ತಂದೆಯವರ ತಲೆಮಾರಿನ ಬೆಳೆಗಾರರು ಬೆಳೆದ ಕಾಫಿಯನ್ನು, ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಹಣ ಕಂತು ಕಂತಾಗಿ ಬರುವುದನ್ನು ಕಾಯುತ್ತಿದ್ದವರು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತ ಹಂತವಾಗಿ ಕಳಚಿ, ಬೆಳೆಗಾರರೇ ಮಾರಿಕೊಳ್ಳುವಂತಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಹಾಳಾದಾಗ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿ, ಮಲೆನಾಡಿನಲ್ಲಿ ಹೊಸ ಮನೆ, ಹೊಸ ಜೀಪು ಕಾಣಿಸಿಕೊಂಡವು. ಐದಾರು ವರ್ಷ ಕಳೆಯುವಷ್ಟರಲ್ಲಿ, 2000ದ ನಂತರ, ಅದೇ ಬೆಲೆ ನೆಲ ಕಚ್ಚಿತು. ಒಳ್ಳೆಯ ಬೆಲೆಯ ವರ್ಷದಲ್ಲಿ ಗಿಡ ನೆಟ್ಟವರಿಗೆ ಫಸಲು ಕೈಗೆ ಬರುವ ಹೊತ್ತಿಗೆ ಬೆಲೆ ಇರಲಿಲ್ಲ. ಅದರ ಮೇಲೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ. ಹುಳು ಬಿದ್ದ ಗಿಡವನ್ನು ಬುಡಸಮೇತ ಕಿತ್ತು ಸುಡುವುದಲ್ಲದೆ ಬೇರೆ ದಾರಿಯಿಲ್ಲ. ಹತ್ತು ಹದಿನೈದು ವರ್ಷ ಸಾಕಿದ ಗಿಡವನ್ನು ತನ್ನ ಕೈಯಾರೆ ಸುಟ್ಟು, ಅದೇ ಗುಂಡಿಗೆ ಮತ್ತೆ ಸಸಿ ನೆಡುವುದು ಬೆಳೆಗಾರರಿಗೆ ಎಂಥ ಕೆಲಸವೆಂದು ನಿಮಗೆ ವಿವರಿಸಬೇಕಾಗಿಲ್ಲ. ತೋಟದ ಭಾಗ ಮಾರಿದ್ದು ಯಾವ ವರ್ಷ, ಆ ವರ್ಷ ಮೂಟೆಗೆ ಬೆಲೆ ಎಷ್ಟಿತ್ತು, ಮಾರ್ಚ್–ಏಪ್ರಿಲ್‌ನ ಹೂ ಮಳೆ ಬಂದಿತ್ತೇ ಕೈಕೊಟ್ಟಿತ್ತೇ ಎಂಬುದನ್ನು ಹಳೆಯ ಚೀಟಿಗಳಿಂದ ಗುರುತು ಮಾಡಿಕೊಂಡು ಬರೆದರೆ, ಮಾರಾಟವನ್ನು ಯಾರೂ ಅವರ ಸೋಲೆಂದು ಓದುವುದಿಲ್ಲ. ಹೊತ್ತಿಗೆ ಸರಿಯಾಗಿ ಒಂದು ಭಾಗ ಮಾರಿ ಉಳಿದ ತೋಟವನ್ನೂ ಮಕ್ಕಳ ಓದನ್ನೂ ಉಳಿಸಿಕೊಂಡರೆಂಬುದೇ ನಿಜವಿರಬಹುದು. ಸಾಲ ಕೊಟ್ಟವರ ಹೆಸರು ಮಾತ್ರ ಬೇಡ.

ಅಣ್ಣನವರಿಗೆ ಕರಡನ್ನು ಮೊದಲು ಓದಲು ಕೊಡಿ. ಆಗಲೂ ಬೇಡವೆಂದರೆ ಆ ಪುಟಗಳನ್ನು ಅಚ್ಚಿಗೆ ಕೊಡದೆ ಮನೆಯ ಪ್ರತಿಯಲ್ಲಿ ಸೇರಿಸಿಡಿ; ಒಂದು ಪುಸ್ತಿಕೆಗಾಗಿ ಒಡಹುಟ್ಟಿದವರ ಮಾತು ಬಿಡುವಂಥದ್ದೇನಿಲ್ಲ.

ಪ್ರಶ್ನೆ: ಅಪ್ಪನ ಬಗ್ಗೆ ಬರೆಯುವಾಗ ಅವ್ವನಿಗೆ ಎಷ್ಟು ಜಾಗ ಕೊಡಬೇಕು? ಅವ್ವ ಇನ್ನೂ ಇದ್ದಾರೆ. ‘ನನ್ನದೇನು ಬರೀತೀಯ, ಬಿಡು’ ಎನ್ನುತ್ತಾರೆ. (ಅರಸೀಕೆರೆ)

ಉತ್ತರ: ಎಷ್ಟು ಜಾಗ ಎಂಬ ಪ್ರಶ್ನೆಯೇ ಬರಬಾರದು. ಬಿತ್ತನೆಗೆ ರಾಗಿಯ ತೆನೆ ಆರಿಸಿಟ್ಟವರು ಯಾರು? ಅವರೆ, ಹುರುಳಿಗೆ ಬೂದಿ ಬೆರೆಸಿ ಹುಳು ಬೀಳದಂತೆ ಕಾಪಾಡಿದವರು, ಕಳೆ ತೆಗೆಯಲು ಆಳುಗಳನ್ನು ಕೂಡಿಸಿ ಅವರ ಜೊತೆಗೇ ಬಗ್ಗಿದವರು, ಡೈರಿಗೆ ಹಾಲು ಹಾಕಿ ವಾರದ ಸಂತೆಗೆ ದುಡ್ಡು ಒದಗಿಸಿದವರು ಯಾರು? ನಿಮ್ಮ ಕಡೆ ತೆಂಗಿಗೆ ನುಸಿ ಬಿದ್ದು ಕಾಯಿ ಸಣ್ಣದಾದ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ನಡೆಸಿದ್ದು ಹಾಲಿನ ದುಡ್ಡು. ಈ ಕೆಲಸಗಳನ್ನು ಬಿಟ್ಟು ಬರೆದರೆ ಅಪ್ಪನ ಬೇಸಾಯವೇ ಅರ್ಥವಾಗುವುದಿಲ್ಲ, ಅವ್ವನನ್ನು ಗೌರವಿಸುವ ಮಾತು ಆಮೇಲಿನದು. ಅವರು ಇನ್ನೂ ಇರುವುದು ನಿಮ್ಮ ಪುಣ್ಯ. ‘ನಿನ್ನ ಬಗ್ಗೆ ಹೇಳು’ ಎಂದು ಕೇಳಬೇಡಿ, ಯಾವ ಅವ್ವನೂ ಹೇಳುವುದಿಲ್ಲ. ಅವರೆಕಾಯಿ ಬಿಡಿಸುತ್ತ ಕುಳಿತಾಗ ‘ಆ ವರ್ಷ ರಾಗಿ ಸಾಲಲಿಲ್ಲವಲ್ಲ, ಏನು ಮಾಡಿದಿರಿ’ ಎಂದು ಕೇಳಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಮುದ್ರಿಸುತ್ತಿರುವುದನ್ನು ಮೊದಲೇ ತಿಳಿಸಿ. ಅವರ ಮಾತನ್ನು ಗ್ರಂಥಭಾಷೆಗೆ ತಿದ್ದದೆ, ಅರಸೀಕೆರೆಯ ಮಾತಿನಲ್ಲೇ ಉಳಿಸಿ.

ಪ್ರಶ್ನೆ: ಅಪ್ಪನದು ಮತದಾರರ ಗುರುತಿನ ಚೀಟಿಯ ಫೋಟೋ ಬಿಟ್ಟರೆ ಬೇರೆ ಇಲ್ಲ. ಅದನ್ನೇ ಸ್ಟುಡಿಯೋದಲ್ಲಿ ಚೆಂದ ಮಾಡಿಸಬಹುದೇ? (ತರೀಕೆರೆ)

ಉತ್ತರ: ಗೆರೆ, ಕಲೆ ತೆಗೆಸಬಹುದು. ಬದುಕಿನಲ್ಲಿ ಒಮ್ಮೆಯೂ ಕೋಟು ತೊಡದವರಿಗೆ ಸ್ಟುಡಿಯೋದವರು ನೀಲಿ ಕೋಟು ತೊಡಿಸಿ, ಹಿಂದೆ ಸ್ವಿಟ್ಜರ್ಲೆಂಡಿನ ಬೆಟ್ಟ ಕೂರಿಸುವುದನ್ನು ದಯವಿಟ್ಟು ತಡೆಯಿರಿ. ನೆಂಟರ ಮದುವೆ ಆಲ್ಬಮ್ಮುಗಳನ್ನು ಹುಡುಕಿಸಿ. ಧಾರೆಯ ಫೋಟೋದ ಅಂಚಿನಲ್ಲಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿರುವುದು ಅವರೇ ಆಗಿರಬಹುದು. ಅವರು ಬಳಸಿದ ಕುಡುಗೋಲು, ನೊಗ, ಕೂರಿಗೆ ಮನೆಯಲ್ಲಿದ್ದರೆ ಅವುಗಳ ಫೋಟೋವನ್ನೂ ಹಾಕಿ.

ಪ್ರಶ್ನೆ: ನಮ್ಮ ತಂದೆ ಹಗಲಿರುಳು ದುಡಿದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಲು ಸಿಟ್ಟಿನವರು. ನಮ್ಮೊಡನೆ ಮಾತೇ ಆಡುತ್ತಿರಲಿಲ್ಲ, ಹೊಡೆಯುತ್ತಿದ್ದರು. ತಮ್ಮಂದಿರು ನನ್ನನ್ನು ಬರೆಯಲು ಹೇಳಿದ್ದಾರೆ. ಹೊಗಳಲು ಮನಸ್ಸು ಬರುತ್ತಿಲ್ಲ. (ಕಡೂರು)

ಉತ್ತರ: ಹೊಗಳಬೇಕಾಗಿಲ್ಲ. ಕಡೂರಿನ ಬಯಲುಸೀಮೆಯಲ್ಲಿ ಮಳೆ ನಂಬಿ ಬದುಕು ಮಾಡಿದವರ ಮನೆಗಳಲ್ಲಿ ಬರದ ವರ್ಷದ ಸಿಟ್ಟು ಯಾರ ಮೇಲೆ ಇಳಿಯುತ್ತಿತ್ತು ಎಂಬುದನ್ನು ಹೆಂಡತಿಯೂ ಮಕ್ಕಳೂ ಬಲ್ಲರು. ಆದರೆ ಬರ ಅದಕ್ಕೆ ಸಮಜಾಯಿಷಿಯೂ ಅಲ್ಲ. ಅದೇ ಬರದಲ್ಲಿ ಕೈ ಎತ್ತದ ತಂದೆಯರೂ ಇದ್ದರು. ನೀವು ಕಂಡದ್ದನ್ನು ಎರಡು ಮೂರು ವಾಕ್ಯಗಳಲ್ಲಿ, ಏರುದನಿಯಿಲ್ಲದೆ ಹೇಳಿ, ಉಳಿದ ಪುಟಗಳಲ್ಲಿ ಅವರ ಕೆಲಸವನ್ನು ಬರೆಯಿರಿ. ಅದೂ ಸಾಧ್ಯವಾಗದಿದ್ದರೆ ಈ ಕೆಲಸವನ್ನು ತಮ್ಮಂದಿರಿಗೆ ವಹಿಸಿ. ಹಿರಿಯ ಮಗನೇ ಬರೆಯಬೇಕೆಂಬ ಶಾಸ್ತ್ರವೇನೂ ಇಲ್ಲ, ಮನಸ್ಸಿಲ್ಲದೆ ಬರೆದದ್ದು ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಪುಸ್ತಿಕೆ ಅಚ್ಚು ಹಾಕಿಸುವ ಎಲ್ಲರಿಗೂ ಒಂದೆರಡು ಸೂಚನೆಗಳು. ದಾಖಲೆಗಳ ಚಿತ್ರ ಹಾಕುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ಇನ್ನೂ ವ್ಯಾಜ್ಯದಲ್ಲಿರುವ ಜಮೀನಿನ ಸರ್ವೆ ನಂಬರು ಕಾಣದಂತೆ ಮುಚ್ಚಿ. ತಿಥಿಯ ದಿನ ಊಟದೆಲೆಯ ಜೊತೆಗೆ ಹಂಚುವುದಲ್ಲದೆ, ಅವರು ಓದಿದ ಊರಿನ ಶಾಲೆಗೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕೊಡಿ. ಜೊತೆಯಲ್ಲಿ ದುಡಿದ, ಮಾಹಿತಿ ಕೊಟ್ಟ ಮುಯ್ಯಾಳುಗಳಿಗೆ ಮನೆಗೇ ಹೋಗಿ ಕೊಡಿ. ಅವರಲ್ಲಿ ಓದಲು ಬಾರದವರಿದ್ದರೆ ಅವರ ಹೆಸರು ಬಂದಿರುವ ಪುಟವನ್ನು ನೀವೇ ಓದಿ ಹೇಳಿ, ತಪ್ಪಿದ್ದರೆ ಅಲ್ಲೇ ತಿದ್ದಿಕೊಡುತ್ತಾರೆ.